ಆರಂಕಿಯ ಸೂಚಿ: ಪಿನ್‌ಕೋಡ್ ಎಂಬ ಸೇವೆಯ ವಿಮರ್ಶೆ

ಅಂಚೆ ಕಾರ್ಡಿನಲ್ಲಿ ವಿಳಾಸ ಬರೆಯುವ ಭಾಗದ ಕೆಳಗಡೆ ಆರು ಪುಟ್ಟ ಚೌಕಗಳು ಅಚ್ಚಾಗಿರುತ್ತವೆ. ಕಾರ್ಡು ಬರೆಯುವವರು ವಿರಳವಾದರೂ ಆ ಚೌಕಗಳಿಗೆ ಮಾತ್ರ ಬಿಡುವಿಲ್ಲ. ಬ್ಯಾಂಕಿನ ಅರ್ಜಿ, ಆಧಾರ್ ಚೀಟಿ, ಆನ್‌ಲೈನ್ ಖರೀದಿಯ ಪುಟ ಎಲ್ಲೆಡೆಯೂ ಅವು ಬಂದು ಕುಳಿತಿವೆ. ಇಷ್ಟೊಂದು ಬಳಕೆಯಲ್ಲಿರುವ ಸೇವೆಯ ಗುಣದೋಷಗಳನ್ನು ಒಮ್ಮೆ ತೂಗಿ ನೋಡಬೇಕೆನಿಸಿ, ಕಳೆದ ಕೆಲವು ತಿಂಗಳಲ್ಲಿ ನಾನು ಕಳುಹಿಸಿದ ಮತ್ತು ನನಗೆ ಬಂದ ಪ್ರತಿಯೊಂದು ಲಕೋಟೆಯ ಸಂಖ್ಯೆಯನ್ನೂ ಗಮನಿಸುತ್ತಾ ಬಂದೆ.

ಮೊದಲು ಹೆಸರಿನ ವಿಚಾರ. ಪಿನ್ ಎಂದರೆ 'ಪೋಸ್ಟಲ್ ಇಂಡೆಕ್ಸ್ ನಂಬರ್'. ಹೆಸರಿನೊಳಗೇ ನಂಬರ್ ಇರುವಾಗ ಅದರ ಬೆನ್ನಿಗೆ ಇನ್ನೊಂದು 'ಕೋಡ್' ಅಂಟಿಸುವುದು 'ನಡುಮಧ್ಯೆ' ಎಂದ ಹಾಗಾಯಿತು ಎಂದು ನಾನೂ ಆಕ್ಷೇಪಿಸುತ್ತಿದ್ದೆ. ಆದರೆ ಪಾರ್ಸೆಲ್ ಕಳುಹಿಸಲು ಹೋದಾಗ ಕೌಂಟರಿನವರು "ಪಿನ್ ಹೇಳಿ ಅಮ್ಮಾ" ಎಂದದ್ದಕ್ಕೆ ನನ್ನ ಚಿಕ್ಕಮ್ಮ, "ಅದನ್ನು ಯಾರಿಗೂ ಹೇಳಬಾರದಂತೆ, ಬ್ಯಾಂಕಿನವರೇ ಹೇಳಿದ್ದಾರೆ" ಎಂದು ಖಡಾಖಂಡಿತವಾಗಿ ನಿರಾಕರಿಸಿದ ಮೇಲೆ ಆ ಆಕ್ಷೇಪವನ್ನು ಹಿಂತೆಗೆದುಕೊಂಡಿದ್ದೇನೆ. ಎಟಿಎಂ ಪಿನ್ನಿನಿಂದ ಇದನ್ನು ಬೇರ್ಪಡಿಸಲು ಆ ಹೆಚ್ಚುವರಿ ಪದ ಬೇಕೇ ಬೇಕು.

ಮೂರು ಪದಗಳಲ್ಲಿ ನಿಜವಾದ ತೂಕವಿರುವುದು ನಡುವಿನ 'ಇಂಡೆಕ್ಸ್' ಎಂಬುದಕ್ಕೆ. ಅಮೆರಿಕದವರು 1963ರಲ್ಲಿ ತಂದ 'ಜಿಪ್' ಸಂಖ್ಯೆಯ ವಿಸ್ತೃತ ರೂಪ 'ಜೋನ್ ಇಂಪ್ರೂವ್‌ಮೆಂಟ್ ಪ್ಲಾನ್'. ಜಿಪ್ ಎಂದರೆ ಸರ್ರನೆ ಹೋಗುವುದು ಎಂಬ ಅರ್ಥವೂ ಅದರಲ್ಲಿ ಬೆರೆತಿರುವುದರಿಂದ ಹೆಸರೇ ಜಾಹೀರಾತಿನ ಕೆಲಸ ಮಾಡುತ್ತದೆ. ಜರ್ಮನ್ ಭಾಷೆಯ 'ಪೋಸ್ಟ್‌ಲೈಟ್‌ಸಾಲ್' ಎಂಬುದಕ್ಕೆ ಅಂಚೆಗೆ ದಾರಿ ತೋರಿಸುವ ಸಂಖ್ಯೆ ಎಂಬರ್ಥವಿದೆ. ನಮ್ಮದು ವೇಗದ ಮಾತನ್ನೂ ಆಡುವುದಿಲ್ಲ, ದಾರಿ ತೋರಿಸುತ್ತೇನೆಂದೂ ಹೇಳುವುದಿಲ್ಲ. ತಾನು ಬರೀ ಸೂಚಿ ಎನ್ನುತ್ತದೆ. ಪುಸ್ತಕದ ಕೊನೆಯಲ್ಲಿರುವ ಪದಸೂಚಿ ಪುಟದವರೆಗೆ ಕರೆದೊಯ್ದು ಬಿಡುತ್ತದೆ, ಸಾಲನ್ನು ನಾವೇ ಹುಡುಕಿಕೊಳ್ಳಬೇಕು. ಪಿನ್‌ಕೋಡ್ ಕೂಡ ಹಾಗೆಯೇ ಬಟವಾಡೆ ಮಾಡುವ ಅಂಚೆ ಕಚೇರಿಯವರೆಗೆ ಬಂದು ನಿಲ್ಲುತ್ತದೆ. ಈ ಸೇವೆಯ ಬಗ್ಗೆ ನಾವು ಹೇಳುವ ದೂರುಗಳಲ್ಲಿ ಬಹುಪಾಲು, ಅದು ಕೊಡುತ್ತೇನೆಂದು ಹೇಳಿರದ ವಸ್ತುವನ್ನು ಕೇಳುವುದರಿಂದ ಹುಟ್ಟಿದವು.

ಈ ವ್ಯವಸ್ಥೆ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಇದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಅವರು ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿಯಾಗಿದ್ದರು, ಜೊತೆಗೆ ಸಂಸ್ಕೃತ ಕವಿಯೂ ಹೌದು. ಹೊಸಹಳ್ಳಿ, ರಾಮಪುರ ಎಂಬಂಥ ಹೆಸರುಗಳು ತಾಲ್ಲೂಕಿಗೊಂದರಂತೆ ಇರುವ, ವಿಳಾಸವನ್ನು ಹತ್ತಾರು ಲಿಪಿಗಳಲ್ಲಿ ಬರೆಯುವ ದೇಶದಲ್ಲಿ, ವಿಂಗಡಣೆ ಮಾಡುವವನಿಗೆ ಊರಿನ ಹೆಸರು ಓದಲು ಬಾರದಿದ್ದರೂ ಕಾಗದ ಸರಿಯಾದ ಚೀಲಕ್ಕೆ ಬೀಳಬೇಕೆಂಬುದೇ ಇದರ ಉದ್ದೇಶವಾಗಿತ್ತು.

ಅದು ಹೇಗೆ ಬೀಳುತ್ತದೆ ಎಂಬುದನ್ನು ನನ್ನ ಮೇಜಿನ ಮೇಲಿರುವ ಒಂದು ಲಕೋಟೆಯಲ್ಲೇ ನೋಡಬಹುದು. ಅದರ ಮೇಲಿರುವುದು 577201. ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳು ಸೇರಿದ ವಲಯ. 1ರಿಂದ 8ರವರೆಗಿನ ಅಂಕಿಗಳು ಹೀಗೆ ಭೂಪ್ರದೇಶಗಳಿಗೆ ಹಂಚಿಹೋಗಿದ್ದು, 9ನ್ನು ಸೇನಾ ಅಂಚೆಗೆ ಮೀಸಲಿಟ್ಟಿದ್ದಾರೆ. ಎರಡಂಕಿ ಕೂಡಿಸಿ ಓದಿದರೆ 57. 56ರಿಂದ 59ರವರೆಗಿನದು ಕರ್ನಾಟಕದ ಪಾಲು. ಮೂರನೆಯ ಅಂಕಿಯೂ ಸೇರಿ 577 ಆದಾಗ ವಿಂಗಡಣಾ ಜಿಲ್ಲೆ ಗೊತ್ತಾಗುತ್ತದೆ. ಉಳಿದ 201 ಶಿವಮೊಗ್ಗದ ಪ್ರಧಾನ ಅಂಚೆ ಕಚೇರಿ. ದೆಹಲಿಯಲ್ಲಿ ವಿಂಗಡಿಸುವವರಿಗೆ ಮೊದಲ ಅಂಕಿಗಳಷ್ಟೇ ಸಾಕು, ಕೊನೆಯ ಮೂರನ್ನು ಅವರು ಕಣ್ಣೆತ್ತಿಯೂ ನೋಡಬೇಕಾಗಿಲ್ಲ. ಪ್ರತಿ ಹಂತದಲ್ಲೂ ಆ ಹಂತಕ್ಕೆ ಬೇಕಾದಷ್ಟನ್ನೇ ಓದಿ ಮುಂದಕ್ಕೆ ದಾಟಿಸುವ ಈ ಏರ್ಪಾಡು ನನಗೆ ಇಂದಿಗೂ ಬಲು ಅಚ್ಚುಕಟ್ಟೆನಿಸುತ್ತದೆ, ಈ ಭಾಗಕ್ಕೆ ಪೂರ್ತಿ ಅಂಕ ಕೊಡಲು ಹಿಂಜರಿಕೆಯಿಲ್ಲ.

ಆದರೆ ಅಂಚೆಯ ಜಿಲ್ಲೆ ಕಂದಾಯದ ಜಿಲ್ಲೆಯಲ್ಲ ಎಂಬುದನ್ನು ಮರೆತಲ್ಲಿ ಎಡವಟ್ಟು ಶುರುವಾಗುತ್ತದೆ. ಅದೇ 577 ಎಂಬುದು ದಾವಣಗೆರೆಗೆ 577001, ಚಿಕ್ಕಮಗಳೂರಿಗೆ 577101, ಚಿತ್ರದುರ್ಗಕ್ಕೆ 577501 ಎಂದು ನಾಲ್ಕು ಜಿಲ್ಲಾ ಕೇಂದ್ರಗಳಲ್ಲಿ ಹರಡಿಕೊಂಡಿದೆ. 571ರಲ್ಲಿ ಮಂಡ್ಯವೂ ಇದೆ, ಮಡಿಕೇರಿಯೂ ಇದೆ. ಜಿಲ್ಲೆಯ ಗಡಿಯಂಚಿನಲ್ಲಿರುವ ನಮ್ಮ ನೆಂಟರ ಮನೆಗೆ ಅಂಚೆ ಬರುವುದು ಪಕ್ಕದ ಜಿಲ್ಲೆಯ ಕಚೇರಿಯಿಂದ. ಖರೀದಿಯ ಜಾಲತಾಣವೊಂದರಲ್ಲಿ ಅವರ ಪಿನ್‌ಕೋಡ್ ತುಂಬಿದ ಕೂಡಲೇ ಪಕ್ಕದ ಜಿಲ್ಲೆಯ ಹೆಸರು ತಾನಾಗಿ ಮೂಡಿ, ತಿದ್ದಲು ಎಷ್ಟು ಪ್ರಯತ್ನಿಸಿದರೂ ಆಸ್ಪದ ಕೊಡಲಿಲ್ಲ. ಇದು ಸಂಖ್ಯೆಯ ತಪ್ಪಲ್ಲ, ಅದರಿಂದ ಜಿಲ್ಲೆಯನ್ನು ಊಹಿಸಿಕೊಂಡವರ ತಪ್ಪು.

ಹಳ್ಳಿಗಳ ಮಟ್ಟಿಗೆ ಕೊರತೆ ಇನ್ನೂ ಆಳವಾದದ್ದು. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಮೀರಿದ ಅಂಚೆ ಕಚೇರಿಗಳಿದ್ದರೂ ಪಿನ್‌ಕೋಡುಗಳ ಸಂಖ್ಯೆ ಸುಮಾರು 19,000 ಮಾತ್ರ. ಉಪ ಅಂಚೆ ಕಚೇರಿಯ ಸಂಖ್ಯೆಯನ್ನೇ ಅದರ ಕೈಕೆಳಗಿನ ಶಾಖಾ ಅಂಚೆ ಕಚೇರಿಗಳೆಲ್ಲ ಹಂಚಿಕೊಳ್ಳುವುದರಿಂದ, ಹಳ್ಳಿಯ ವಿಳಾಸದಲ್ಲಿ ಪಿನ್‌ಕೋಡಿನಷ್ಟೇ ಮುಖ್ಯವಾದದ್ದು 'ಅಂಚೆ' ಎಂದು ಬರೆದು ಅದರ ಮುಂದೆ ನಮೂದಿಸುವ ಶಾಖಾ ಕಚೇರಿಯ ಹೆಸರು. ಅದನ್ನು ಬರೆಯದೆ ಊರಿಗೆ ಕಳುಹಿಸಿದ್ದ ನನ್ನದೇ ಪುಸ್ತಕದ ಕಟ್ಟು ಉಪ ಕಚೇರಿಯವರೆಗೆ ಎರಡೇ ದಿನದಲ್ಲಿ ತಲುಪಿ, ಆಮೇಲೆ ಅಲ್ಲಿಯೇ ನಾಲ್ಕು ದಿನ ಕುಳಿತಿತ್ತು. ಆನ್‌ಲೈನ್ ಅರ್ಜಿಗಳಲ್ಲಿ ಮನೆ ಸಂಖ್ಯೆ, ಹೆಗ್ಗುರುತು, ಮಹಡಿ ಎಲ್ಲಕ್ಕೂ ಖಾನೆಗಳಿರುತ್ತವೆ. ಶಾಖಾ ಅಂಚೆಗೆ ಖಾನೆಯಿದ್ದದ್ದನ್ನು ನಾನಂತೂ ಕಂಡಿಲ್ಲ.

ಮನೆಯನ್ನೇ ಗುರುತಿಸುವ ಕೆಲಸಕ್ಕೆ ಅಂಚೆ ಇಲಾಖೆಯು ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದೊಡನೆ ಸೇರಿ 2025ರಲ್ಲಿ 'ಡಿಜಿಪಿನ್' ಎಂಬ ಹತ್ತು ಅಕ್ಷರ-ಅಂಕಿಗಳ ಸಂಕೇತವನ್ನು ಹೊರತಂದಿದೆ. ಇದು ಪಿನ್‌ಕೋಡನ್ನು ಕಿತ್ತುಹಾಕುವುದಿಲ್ಲ; ಅಕ್ಷಾಂಶ-ರೇಖಾಂಶಗಳ ಆಧಾರದಲ್ಲಿ ನೆಲವನ್ನು ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಭಾಗಿಸಿ, ಒಂದೊಂದಕ್ಕೂ ಒಂದೊಂದು ಸಂಕೇತ ಕೊಡುತ್ತದೆ. ಪರೀಕ್ಷಿಸಿ ನೋಡಿದಾಗ ನಮ್ಮ ಮುಂಬಾಗಿಲಿಗೊಂದು, ಹಿತ್ತಲ ಬಾಗಿಲಿಗೊಂದು ಬಂದಿತು. ಆದರೆ ಎತ್ತರವನ್ನು ಲೆಕ್ಕಕ್ಕೆ ಹಿಡಿಯದ ಕಾರಣ, ನಮ್ಮ ಮನೆಯ ಮೇಲಿನ ಮಹಡಿಯ ಬಾಡಿಗೆದಾರರಿಗೂ ನಮ್ಮದೇ ಸಂಕೇತ. ಅವರ ಕಾಗದಗಳನ್ನು ಸದ್ಯಕ್ಕೆ ಮೊದಲಿನಂತೆ ನಾನೇ ಮೆಟ್ಟಿಲು ಹತ್ತಿ ಕೊಟ್ಟು ಬರುತ್ತಿದ್ದೇನೆ.