ಕೊಲ್ಲಿ ಸುತ್ತಲು ಯಾವ ದೋಣಿ? ಮೋಟಾರ್, ಹಾಯಿ, ಕಯಾಕ್

ಕಡಲ ಕೊಲ್ಲಿಯಲ್ಲಿ ನೆಮ್ಮದಿಯಾಗಿ ಅರ್ಧ ದಿನ ಕಳೆಯಬೇಕು ಅಂತಿದ್ದರೆ ನನ್ನ ಓಟು ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಪುಟ್ಟ ದೋಣಿಯಾದ ಕಯಾಕ್‌ಗೆ. ಮೂರೂ ಬಗೆಯ ದೋಣಿಗಳಲ್ಲಿ ಸುತ್ತಾಡಿದ ಮೇಲೆ ಹೇಳುತ್ತಿರುವ ಮಾತಿದು.

ಮೋಟಾರ್ ಬೋಟ್ ಸುಲಭ. ಹತ್ತಿ ಕೂತರೆ ಸಾಕು. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಇದೇ ಸರಿ. ಆದರೆ ಇಂಜಿನ್ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ, ಮೇಲೆ ಡೀಸೆಲ್ ವಾಸನೆ ಬೇರೆ. ಬಂಡೆ ಮೇಲಿನ ಹಕ್ಕಿಗಳು ನಾವು ಹತ್ತಿರ ಬರುವ ಮೊದಲೇ ಎದ್ದು ಹಾರುತ್ತವೆ. ನೀರಿನೊಳಗೆ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟಿಗೂ ಜಾಸ್ತಿ. ಕೆಳಗಿರುವ ಜೀವಗಳಿಗೂ ಅದು ಗದ್ದಲವೇ ಅಲ್ವಾ? ಬ್ಯಾಟರಿ ಬೋಟ್ ಸಿಕ್ಕರೆ ಅದನ್ನೇ ಹಿಡಿಯಿರಿ.

ಹಾಯಿ ದೋಣಿಯ ಸುಖವೇ ಬೇರೆ. ಇಂಜಿನ್ ಆರಿಸಿ ಹಾಯಿ ಬಿಚ್ಚಿದ ಮೇಲೆ ನೀರು ಬಡಿಯುವ ಸದ್ದಷ್ಟೇ ಉಳಿಯುತ್ತದೆ. ತೊಂದರೆ ಅಂದರೆ ಎಲ್ಲವೂ ಗಾಳಿಯ ಕೈಯಲ್ಲಿ. ಗಾಳಿಗೆ ಎದುರಾಗಿ ನೇರ ಹೋಗಲು ಬರುವುದಿಲ್ಲ, ಓರೆಯಾಗಿ ಅತ್ತಿಂದಿತ್ತ ತಿರುಗುತ್ತಾ ಸಾಗಬೇಕು. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಏರುತ್ತದೆ, ಆ ಜಾಗಕ್ಕೆ ಕಡಲ ತಂಪು ಗಾಳಿ ನುಗ್ಗುತ್ತದೆ. ಹಾಗಾಗಿ ಹಾಯಿಗೆ ಮಧ್ಯಾಹ್ನವೇ ಒಳ್ಳೆಯದು. ಬೆಳಗ್ಗೆ ಹೊರಟರೆ ಸುಮ್ನೆ ನಿಂತಲ್ಲೇ ತೇಲುತ್ತಾ ಕೂರಬೇಕಾದೀತು.

ಕಯಾಕ್‌ಗೆ ಅದೇ ಗಾಳಿಯಿಲ್ಲದ ಬೆಳಗು ಬೇಕು. ಇದರಲ್ಲಿ ನಾವು ಕೂರುವುದೇ ನೀರಿನ ಮಟ್ಟದಲ್ಲಿ. ಗೇಣುದ್ದ ನೀರಿದ್ದರೂ ತೇಲುತ್ತದೆ, ಬೇರೆ ದೋಣಿಗಳು ದೂರದಿಂದ ತೋರಿಸಿ ಹೋಗುವ ಬಂಡೆ ಸಂದುಗಳ ಒಳಗೇ ಹೋಗಬಹುದು. ತಿಳಿನೀರಾದರೆ ತಳದ ಮರಳು, ಪಾಚಿ, ಮೀನುಮರಿ ಎಲ್ಲಾ ಕಾಣುತ್ತವೆ. ಹುಟ್ಟು ಹಾಕುವುದನ್ನು ನಿಲ್ಲಿಸಿ ತೇಲುತ್ತಿದ್ದರೆ ಹಕ್ಕಿಗಳೂ ಅಷ್ಟಾಗಿ ಬೆದರುವುದಿಲ್ಲ. ಬರೀ ತೋಳಿನಿಂದ ಎಳೆಯಬೇಡಿ, ಬೇಗ ಸುಸ್ತಾಗುತ್ತದೆ. ಸೊಂಟದಿಂದ ಮೇಲೆ ಮೈಯನ್ನೇ ತಿರುಗಿಸಿ ಎಳೆದರೆ ತುಂಬಾ ಹೊತ್ತು ಹೋಗಬಹುದು. ಇಬ್ಬರು ಕೂರುವ ಕಯಾಕ್‌ನಲ್ಲಿ ಮುಂದಿರುವವರು ಲಯ ಹಿಡಿಯಬೇಕು, ಹಿಂದಿರುವವರು ಅದನ್ನು ಅನುಸರಿಸಬೇಕು. ಇಲ್ಲದಿದ್ದರೆ ಹುಟ್ಟುಗಳು ಒಂದಕ್ಕೊಂದು ತಾಗಿ ಜಗಳವೇ ಆಗುತ್ತದೆ.

ಹೊರಡುವ ಮುನ್ನ ಉಬ್ಬರ ಇಳಿತದ ವೇಳೆ ನೋಡಲೇಬೇಕು. ಹೆಚ್ಚಿನ ಕಡೆ ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ನಡುವಿನ ಎರಡು ಗಂಟೆಯಲ್ಲೇ ಸುಮಾರು ಅರ್ಧ ನೀರು ಸರಿದುಹೋಗುತ್ತದೆ, ಆಗಲೇ ಸೆಳೆತ ಜೋರು. ಇಳಿತದ ಕೊನೆಯಲ್ಲಿ ಹೊರಟು ಉಬ್ಬರದ ಜೊತೆ ಮರಳಿದರೆ ವಾಪಸು ಬರುವಾಗ ನೀರೇ ತಳ್ಳಿಕೊಡುತ್ತದೆ.

ಲೈಫ್ ಜಾಕೆಟ್ ಮೂರರಲ್ಲೂ ಬೇಕು. ಕಯಾಕ್‌ಗೆ ಇನ್ನೊಂದು ಎಚ್ಚರವೂ ಇದೆ. ದಡದಿಂದ ಕಡಲಿನ ಕಡೆಗೆ ಗಾಳಿ ಬೀಸುವಾಗ ದಡದ ಹತ್ತಿರ ನೀರು ಸಪಾಟಾಗಿ ಕಾಣುತ್ತದೆ, ಆದರೆ ಆ ಗಾಳಿ ದೋಣಿಯನ್ನು ಹೊರಗೆ ತಳ್ಳುತ್ತಲೇ ಇರುತ್ತದೆ. ಅಂಥ ದಿನ ಕಯಾಕ್ ಬಿಟ್ಟು ಮೋಟಾರ್ ಬೋಟನ್ನೇ ಹತ್ತಿ.