ಚನ್ನಪಟ್ಟಣದ ಆಟಿಕೆ: ಮರ ಸರಿ, ಅರಗು ಸರಿ, ಬಣ್ಣ?

ಬೆಂಗಳೂರು–ಮೈಸೂರು ರಸ್ತೆಯ ಅಂಗಡಿಗಳಲ್ಲಿ ‘ಚನ್ನಪಟ್ಟಣದ ಗೊಂಬೆ’ ಎಂದು ಮಾರುವುದೆಲ್ಲ ಪರಿಸರಸ್ನೇಹಿಯಲ್ಲ. ಆದರೆ ಅಸಲಿ ಅರಗಿನ ಆಟಿಕೆ ಸಿಕ್ಕರೆ ಕೂಸಿನ ಕೈಗೆ ಕೊಡಲು ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಕೊಳ್ಳುವವರು ಮರ ಯಾವುದೆಂದು ಕೇಳಿ ಸುಮ್ಮನಾಗುತ್ತಾರೆ. ಕೇಳಬೇಕಾದದ್ದು ಬಣ್ಣದ ಬಗ್ಗೆ.

ಸಾಂಪ್ರದಾಯಿಕವಾಗಿ ಬಳಸುವುದು ಆಲೆ ಮರ. ದಂತದಂಥ ಬಿಳುಪು, ನಯವಾದ ಎಳೆ. ಕಡೆಯುವ ಮುನ್ನ ಎರಡು–ಮೂರು ತಿಂಗಳು ಒಣಗಬೇಕು. ಅವಸರಪಟ್ಟರೆ ಮನೆಗೆ ಬಂದ ಮೇಲೆ ಸೀಳು ಬಿಡುತ್ತದೆ, ಸೀಳಿನ ಅಂಚಿನಲ್ಲಿ ಅರಗು ಚಕ್ಕೆ ಏಳುತ್ತದೆ. ವರ್ಷದೊಳಗೆ ಕಸಕ್ಕೆ ಹೋಗುವ ಆಟಿಕೆ ಯಾವ ಮರದ್ದಾದರೇನು? ಈಗ ರಬ್ಬರ್ ಮರ, ಸಿಲ್ವರ್ ಓಕ್ ಕೂಡ ಬಳಕೆಯಲ್ಲಿವೆ. ಹಾಲಿಳಿಸಿ ಮುಗಿದ ರಬ್ಬರ್ ಮರ ಬಳಸುವುದು ಒಳ್ಳೆಯದೇ. ಆದರೆ ಅದಕ್ಕೆ ಹುಳು, ಬೂಷ್ಟು ಬೇಗ ಹಿಡಿಯುವುದರಿಂದ ಸಾಮಾನ್ಯವಾಗಿ ಬೋರಾನ್ ಲವಣದ ದ್ರಾವಣದಲ್ಲಿ ಸಂಸ್ಕರಿಸಿರುತ್ತಾರೆ. ಅದರ ಮೇಲೆ ‘ರಾಸಾಯನಿಕ ರಹಿತ’ ಎಂಬ ಚೀಟಿ ಕಂಡರೆ ವಿಚಾರಿಸಿ.

ಇನ್ನು ಅರಗು. ಲೇತ್ ಎಂಬ ಕಡೆಯುವ ಯಂತ್ರದಲ್ಲಿ ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಮೇಲೆ ತಾಳೆಗರಿ ಒತ್ತಿ ಹಿಡಿದರೆ ಹೊಳಪು ಬರುತ್ತದೆ. ಹಾಗಾಗಿ ಅರಗು ಕೂರುವುದು ಲೇತ್‌ನಲ್ಲಿ ತಿರುಗಿದ ಮೈಗೆ ಮಾತ್ರ. ಹಲಗೆಯಿಂದ ಕತ್ತರಿಸಿದ ಆನೆ, ಚೌಕದ ಬ್ಲಾಕು, ತೂತಿನ ಒಳಮೈ ಇವೆಲ್ಲ ಗಟ್ಟಿ ಬಣ್ಣದಿಂದ ಮಿಂಚುತ್ತಿದ್ದರೆ ಅದು ಬ್ರಷ್ಷಿನದೋ ಸ್ಪ್ರೇಯದೋ ಪೇಂಟು. ಕಣ್ಣು, ಮೀಸೆಗೆ ಇಟ್ಟ ಚುಕ್ಕೆ ಬೇರೆ ಮಾತು.

ಅನುಮಾನವಿದ್ದರೆ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಆಟಿಕೆಯ ತಳಭಾಗದಲ್ಲಿ ಅರ್ಧ ನಿಮಿಷ ತಿಕ್ಕಿ. ಅರಗು ಸ್ಪಿರಿಟ್‌ಗೆ ಕರಗುತ್ತದೆ: ಮೈ ಅಂಟಂಟಾಗಿ ಹತ್ತಿಗೆ ಬಣ್ಣ ಬರುತ್ತದೆ. ಪಾಲಿಯುರಿಥೇನ್ ಎಂಬ ಕೃತಕ ಲೇಪ ಜಗ್ಗುವುದಿಲ್ಲ. ಇನ್ನೊಂದು ಕೃತಕ ಲೇಪವಾದ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಉಗುರುಬಣ್ಣ ತೆಗೆಯುವ ಅಸಿಟೋನ್‌ಗೆ ಬೇಗ ಬಿಟ್ಟುಕೊಡುತ್ತದೆ.

ಈ ಪರೀಕ್ಷೆ ಅರಗನ್ನಷ್ಟೇ ಹೇಳುತ್ತದೆ, ಅದರೊಳಗಿನ ಬಣ್ಣವನ್ನಲ್ಲ. ಅಸಲಿ ಅರಗಿಗೇ ಕೃತಕ ಬಣ್ಣದ ಪುಡಿ ಬೆರೆಸಿರಬಹುದು, ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ. ಹಳದಿಗೆ ಸುಲಭದ ಉಪಾಯವಿದೆ. ಸ್ಪಿರಿಟ್‌ನಲ್ಲಿ ಹಳದಿ ಹತ್ತಿದ ಅದೇ ಹತ್ತಿಗೆ ಒಂದು ತೊಟ್ಟು ಸುಣ್ಣದ ತಿಳಿ ಬಿಡಿ. ಅರಿಶಿನವಾದರೆ ಓಕುಳಿಯಂತೆ ಕೆಂಪಾಗುತ್ತದೆ. ಹಳದಿಯಾಗಿಯೇ ಉಳಿದರೆ ಅದು ಅರಿಶಿನವಲ್ಲ. ಅರಿಶಿನ ಮತ್ತು ನೀಲಿ ಬೆರೆಸಿದ ಹಸಿರು ಕಿಟಕಿಯ ಬಿಸಿಲಿಗೆ ನೀಲಿಗೆ ತಿರುಗುತ್ತದೆ, ಏಕೆಂದರೆ ಅರಿಶಿನ ಮೊದಲು ಮಾಸುತ್ತದೆ. ಇದನ್ನು ದೋಷವೆಂದು ವಾಪಸು ಕೊಡಬೇಡಿ. ಕಾಚಿನ ಕಂದು ಮಂದವಾಗಿರುತ್ತದೆ. ಕಣ್ಣು ಕುಕ್ಕುವ ಗುಲಾಬಿ, ಫ್ಲೋರಸೆಂಟ್ ಕಿತ್ತಳೆಯನ್ನು ‘ಸಸ್ಯಜನ್ಯ ಬಣ್ಣ’ ಎಂದರೆ ನಂಬಬೇಡಿ.

ಉಳಿದ ಬಣ್ಣಗಳಿಗೆ ಮನೆಯ ಪರೀಕ್ಷೆ ಸಾಲದು, ಲ್ಯಾಬ್ ವರದಿಯೇ ಬೇಕು. ಸೀಸದಂಥ ಭಾರಲೋಹ ಆಟಿಕೆಯಿಂದ ಎಷ್ಟು ಹೊರಬರುತ್ತದೆ ಎಂಬುದನ್ನು ಅಳೆಯುವುದು ಆಟಿಕೆಗಳ ಭಾರತೀಯ ಮಾನಕವಾದ ಐಎಸ್ 9873ರ 3ನೇ ಭಾಗ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದರೂ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿಯಿದೆ. ಗುರುತು ಇಲ್ಲದ ಮಾತ್ರಕ್ಕೆ ನಕಲಿ ಎನ್ನಲಾಗದು. ಜಿಐ (ಭೌಗೋಳಿಕ ಸೂಚಕ) ಗುರುತು ಇದ್ದರೂ ಅದು ಊರಿಗೆ, ಕಸುಬಿಗೆ ಸಾಕ್ಷಿಯೇ ಹೊರತು ಬಣ್ಣಕ್ಕಲ್ಲ. ವರದಿ ಕೇಳಿದಾಗ ತಡವರಿಸದೆ ತೋರಿಸುವ ಅಂಗಡಿಗೆ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಅರಗು ಕೀಟದ ಸ್ರಾವ, ಆದ್ದರಿಂದ ‘ವೀಗನ್’ (ಪ್ರಾಣಿಜನ್ಯ ವಸ್ತು ಇಲ್ಲದ್ದು) ಎಂಬ ಚೀಟಿ ತಪ್ಪು. ಎಳೆಯುವ ದಾರ ನೈಲಾನ್ ಆಗಿದ್ದರೆ ಹತ್ತಿಯದಕ್ಕೆ ಬದಲಿಸಿ.

ಸ್ವಚ್ಛ ಮಾಡಲು ಸ್ಯಾನಿಟೈಜರ್ ಬಳಸಲೇಬೇಡಿ. ಅದರ ಆಲ್ಕೋಹಾಲ್ ಅರಗನ್ನೇ ಕರಗಿಸುತ್ತದೆ. ಬಿಸಿನೀರಿಗೆ ಅರಗು ಮೆತ್ತಗಾಗುತ್ತದೆ, ನೆನೆದರೆ ಬೆಳ್ಳಗಾಗುತ್ತದೆ, ಸೋಪಿನ ನೀರಿಗೆ ಹೊಳಪು ಹೋಗುತ್ತದೆ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿದರೆ ಸಾಕು.