ಮೈಸೂರಿಗೆ ಶಿಫ್ಟ್ ಆದ್ವಿ: ಮನೆ, ಸ್ಕೂಲ್ ಹುಡುಕಿಕೊಟ್ಟ ಸರ್ವಿಸ್ ಹೇಗಿತ್ತು (5ಕ್ಕೆ 3)

ಪುಣೆಯಲ್ಲಿ ಎಂಟು ವರ್ಷ ಇದ್ದು ಈ ಸಲ ಏಪ್ರಿಲಲ್ಲಿ ಮೈಸೂರಿಗೆ ಬಂದ್ವಿ. ನಮ್ಮೂರು ಮಂಡ್ಯದ ಪಕ್ಕ, ಅಪ್ಪ ಅಮ್ಮಂಗೆ ವಯಸ್ಸಾಯ್ತು, ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಕೆಲಸ ಸಿಕ್ತು, ಬಂದ್ಬಿಟ್ವಿ. ಮಗಳಿಗೆ ಆರು ವರ್ಷ, ಒಂದನೇ ಕ್ಲಾಸಿಗೆ ಸೇರಿಸ್ಬೇಕಿತ್ತು. ವಾರಗಟ್ಲೆ ರಜ ಹಾಕಿ ಮನೆ ಹುಡುಕೋಕೆ ಆಗ್ತಿರ್ಲಿಲ್ಲ ಅದಕ್ಕೆ ಮನೆ ಸ್ಕೂಲು ಎರಡೂ ನೋಡಿಕೊಡ್ತೀವಿ ಅನ್ನೋರ ಹತ್ರ ಹೋದ್ವಿ. ಅವ್ರ ಹೆಸರು ಬರಿಯಲ್ಲ. ಫೀಸು ಒಂದು ತಿಂಗಳ ಬಾಡಿಗೆಯಷ್ಟು, ಮಾಮೂಲಿ ಬ್ರೋಕರ್ ತಗೊಳೋ ಅಷ್ಟೇ.

ಮನೆ ವಿಷಯದಲ್ಲಿ ಅವ್ರ ಕೆಲಸ ಚೆನ್ನಾಗಿದೆ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಪುಣೆಯಲ್ಲಿ ಕೂತಿರೋವಾಗ್ಲೇ ಒಂಬತ್ತು ಮನೆ ವಿಡಿಯೋ ಕಳ್ಸಿದ್ರು, ಬರೀ ಹಾಲು ಬೆಡ್‌ರೂಮು ಅಲ್ಲ, ಸಂಪು ಎಷ್ಟು ದೊಡ್ಡದು, ಕಾವೇರಿ ನೀರು ದಿನಾ ಬರತ್ತೋ ದಿನ ಬಿಟ್ಟು ದಿನನೋ, ಮಳೆಗಾಲದಲ್ಲಿ ಗೋಡೆ ಒಸರತ್ತಾ ಅಂತ ಎಲ್ಲ ಕೇಳಿ ಹೇಳಿದ್ರು. ಓನರ್ ಹತ್ರ ಮಾತಾಡಿ ಅಡ್ವಾನ್ಸ್ ಕಮ್ಮಿ ಮಾಡ್ಸಿದ್ರು. 11 ತಿಂಗಳ ಅಗ್ರಿಮೆಂಟು, ಪೇಂಟಿಂಗ್ ದುಡ್ಡು ಎಷ್ಟು ಹಿಡ್ಕೊಳ್ತಾರೆ ಅನ್ನೋದೂ ಅದ್ರಲ್ಲೇ ಬರ್ಸಿದ್ರು. ಇಷ್ಟಕ್ಕೆ ಅವ್ರಿಗೆ ಪೂರ್ತಿ ಮಾರ್ಕ್ಸ್.

ನಂಗೆ ಬೇಜಾರಾಗಿದ್ದು ಸ್ಕೂಲ್ ವಿಷಯದಲ್ಲಿ. ನಾವು ಮೊದ್ಲೇ ಹೇಳಿದ್ವಿ, ಸ್ಕೂಲ್ ನೋಡಿ ಆಮೇಲೆ ಏರಿಯಾ, ಏರಿಯಾ ನೋಡಿ ಆಮೇಲೆ ಮನೆ. ಮತ್ತೆ ಸ್ಕೂಲಲ್ಲಿ ಎಲ್ಲಾ ಥರದ ಮಕ್ಕಳಿರ್ಬೇಕು. ಪುಣೆಯಲ್ಲಿ ಮಗಳ ಕ್ಲಾಸಲ್ಲಿ ಮರಾಠಿ ಮಕ್ಕಳು, ಬಿಹಾರಿಂದ ಬಂದೋರು, ಮಣಿಪುರದ ಒಂದು ಹುಡುಗಿ, ಮುಸ್ಲಿಂ ಮಕ್ಕಳು, ಸೆಕ್ಯುರಿಟಿ ಕೆಲಸ ಮಾಡೋರ ಮಗ, ಡಾಕ್ಟರ್ ಮಗಳು ಎಲ್ರೂ ಇದ್ರು. ಅವಳು ಯಾರ ಮನೇಲಾದ್ರೂ ಹೋಗಿ ಊಟ ಮಾಡ್ಕೊಂಡು ಬರ್ತಿದ್ಲು, ಯಾರ ಭಾಷೆಯಾದ್ರೂ ನಾಲ್ಕು ಮಾತು ಕಲೀತಿದ್ಲು. ಅದು ಹೋಗ್ಬಾರದು ಅಂತ ನಮ್ಮಿಬ್ರಿಗೂ ಆಸೆ.

ಅವ್ರು ಕಳ್ಸಿದ ಫಾರಂನಲ್ಲಿ ನಾಲ್ಕನೇ ಪ್ರಶ್ನೇನೇ ಕಮ್ಯುನಿಟಿ ಯಾವ್ದು ಅಂತ. ಫೋನ್ ಮಾಡಿ ಯಾಕೆ ಇದು ಅಂದೆ, "ನಿಮ್ಮವರು ಜಾಸ್ತಿ ಇರೋ ಏರಿಯಾನೇ ನೋಡ್ತೀವಿ ಸರ್, ಕಂಫರ್ಟಬಲ್ ಆಗಿರತ್ತೆ" ಅಂದ್ರು. ಬಂದ ಲಿಸ್ಟಲ್ಲಿ ಏಳು ಸ್ಕೂಲು, ಎಲ್ಲಾ ಪ್ರೈವೇಟು, ಪಕ್ಕದಲ್ಲಿ ಹತ್ತನೇ ಕ್ಲಾಸ್ ರಿಸಲ್ಟು ಮತ್ತೆ ಫೀಸು, ಮುಗೀತು. ಉದಯಗಿರಿ, ರಾಜೀವ್‌ನಗರ, ಮಂಡಿ ಮೊಹಲ್ಲಾ ಅಂತ ಮುಸ್ಲಿಮರು ಜಾಸ್ತಿ ಇರೋ ಕಡೆ ಒಂದೂ ಇಲ್ಲ, ದಲಿತರು ಜಾಸ್ತಿ ಇರೋ ಅಶೋಕಪುರಂ ಕಡೆ ಒಂದೂ ಇಲ್ಲ, ಸರ್ಕಾರಿ ಶಾಲೆ ಅಂತೂ ಇಲ್ವೇ ಇಲ್ಲ. ಅದ್ರಲ್ಲಿ ಒಂದು ಸ್ಕೂಲ್ ಮುಂದೆ ಒಳ್ಳೇದನ್ನ ಹೇಳೋ ಥರ ಬರ್ದಿದ್ರು, ಆರ್‌ಟಿಇ ಮಕ್ಕಳಿಲ್ಲ ಅಂತ. ಓದಿ ನಂಗೆ ಹೊಟ್ಟೆ ಉರೀತು.

ಯಾಕೆ ಅಂದ್ರೆ ಆರ್‌ಟಿಇ ಅಂದ್ರೇನು ಅಂತ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ, ಪ್ರೈವೇಟ್ ಶಾಲೆಗಳಲ್ಲಿ 25% ಸೀಟು ಅಕ್ಕಪಕ್ಕದ ಬಡವರ, ದಲಿತರ, ಹಿಂದುಳಿದವರ ಮಕ್ಕಳಿಗೆ ಅಂತ ಇಟ್ಟಿದ್ದು. ಒಂದೇ ಬೆಂಚಲ್ಲಿ ಎಲ್ರೂ ಕೂರ್ಲಿ ಅನ್ನೋದೇ ಅದ್ರ ಆಸೆ. ನಮ್ಮ ರಾಜ್ಯದಲ್ಲಿ 2019ರಲ್ಲಿ ರೂಲ್ಸ್ ಬದಲಾಯ್ತು, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಪ್ರೈವೇಟ್ ಶಾಲೆ ಆ ಸೀಟು ಕೊಡ್ಬೇಕಾಗಿಲ್ಲ. ಮೈಸೂರಂಥ ಊರಲ್ಲಿ ಹತ್ತಿರದಲ್ಲಿ ಸರ್ಕಾರಿ ಶಾಲೆ ಇಲ್ದೇ ಇರೋ ಬಡಾವಣೆ ಎಷ್ಟಿರತ್ತೆ ಹೇಳಿ.

ಅಕ್ಕ ನ್ಯೂಜೆರ್ಸಿಯಲ್ಲಿದ್ದಾಳೆ, ಅವಳಿಗೆ ಹೇಳ್ದೆ. ಅವಳು ಹತ್ತು ವರ್ಷದ ಹಿಂದೆ ಇದೇ ಕಷ್ಟ ಪಟ್ಟೋಳು. ಅಲ್ಲಿ ಸರ್ಕಾರಿ ಶಾಲೆಗೇ ಎಲ್ರೂ ಹೋಗೋದು ಹೆಚ್ಚು, ಆದ್ರೆ ಯಾವ ಶಾಲೆ ಅನ್ನೋದು ಮನೆ ಅಡ್ರೆಸ್ ಮೇಲೆ, ಶಾಲೆಗೆ ದುಡ್ಡಿನ ದೊಡ್ಡ ಪಾಲು ಬರೋದೂ ಆ ಊರಿನ ಆಸ್ತಿ ತೆರಿಗೆಯಿಂದ. ಹಂಗಾಗಿ ಮನೆ ದುಬಾರಿ ಇರೋ ಕಡೆ ಶಾಲೆಗೂ ರೇಟಿಂಗ್ ಜಾಸ್ತಿ, ರೇಟಿಂಗ್ ಜಾಸ್ತಿ ಅಂತ ಮನೆ ಇನ್ನೂ ದುಬಾರಿ. ಕಪ್ಪು ಮಕ್ಕಳು ಬಿಳಿ ಮಕ್ಕಳು ಬೇರೆ ಬೇರೆ ಶಾಲೆ ಅನ್ನೋದು ತಪ್ಪು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿದ್ರೂ ಜನ ಬೇರೆ ಬೇರೆ ಕಡೆ ವಾಸ ಮಾಡೋದ್ರಿಂದ ಎಷ್ಟೋ ಶಾಲೆ ಇವತ್ತಿಗೂ ಹಂಗೇ ಇವೆ. ಆದ್ರೆ ಒಂದು ವಿಷಯ ನಂಗೆ ಹಿಡಿಸ್ತು. 1968ರ ವಸತಿ ಕಾಯ್ದೆ ಪ್ರಕಾರ ಅಲ್ಲಿನ ಬ್ರೋಕರ್ "ಇಲ್ಲಿ ನಿಮ್ಮ ಜನ ಇದಾರೆ, ಅಲ್ಲಿ ಬೇಡ" ಅಂತ ಜನಾಂಗ ನೋಡಿ ಏರಿಯಾ ತೋರ್ಸೋ ಹಂಗಿಲ್ಲ. ಪ್ರತಿ ಸರ್ಕಾರಿ ಶಾಲೇಲಿ ಯಾವ್ಯಾವ ಜನಾಂಗದ ಮಕ್ಕಳು ಎಷ್ಟೆಷ್ಟಿದಾರೆ ಅನ್ನೋ ಲೆಕ್ಕ ಸರ್ಕಾರಾನೇ ಬಿಡತ್ತೆ, ಅಕ್ಕ ಅದನ್ನ ನೋಡಿ ಮನೆ ತಗೊಂಡ್ಲು.

"ಮೈಸೂರಲ್ಲಿ ಅಂಥ ಲೆಕ್ಕ ಸಿಗ್ಲಿಲ್ಲ ಅಂದ್ರೂ ಪರ್ವಾಗಿಲ್ಲ ಕಣೋ, ಸ್ಕೂಲ್ ಬಿಡೋ ಹೊತ್ತಿಗೆ ಗೇಟ್ ಮುಂದೆ ಅರ್ಧ ಗಂಟೆ ನಿಂತ್ಕೋ, ಎಲ್ಲಾ ಗೊತ್ತಾಗತ್ತೆ" ಅಂದ್ಲು. ನಂಗೆ ಸಿಕ್ಕಿದ ಅತಿ ಒಳ್ಳೆ ಸಲಹೆ ಇದೇ.

ಸರ್ವಿಸಿನವ್ರ ಆಫೀಸಲ್ಲಿ ಒಬ್ಳು ಹುಡುಗಿ ಇದ್ಲು, ಹೊಸಬಳು, ಅವಳಿಗೆ ನಾವು ಕೇಳ್ತಿರೋದು ಏನು ಅಂತ ಅರ್ಥ ಆಯ್ತು. ಮೂರು ದಿನ ಮಧ್ಯಾಹ್ನ ಸ್ಕೂಟರಲ್ಲಿ ಮುಂದೆ ಮುಂದೆ ಹೋಗಿ ಜಾಗ ತೋರ್ಸಿದ್ಲು. ಅವಳು ಇಲ್ದೆ ಹೋಗಿದ್ರೆ 3 ಅಲ್ಲ 1 ಕೊಡ್ತಿದ್ದೆ.

ಮೊದಲ್ನೇ ದಿನ ಲಿಸ್ಟಲ್ಲಿದ್ದ ದೊಡ್ಡ ಸ್ಕೂಲು, ಹೊಸ ಬಡಾವಣೆ ಕಡೆ. ಕಾರು, ವ್ಯಾನು, ಕಾರು. ಬಿಲ್ಡಿಂಗು ಗ್ರೌಂಡು ಎಲ್ಲಾ ಚೆನ್ನಾಗಿದೆ, ಆದ್ರೆ ನಡ್ಕೊಂಡು ಹೋಗೋ ಮಗು ಒಂದೂ ಕಾಣ್ಲಿಲ್ಲ.

ಎರಡನೇ ದಿನ ಹಳೇ ಏರಿಯಾದ ಒಂದು ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆ. ಒಂದು, ಎರಡು, ಮೂರನೇ ಕ್ಲಾಸ್ ಮಕ್ಕಳು ಒಂದೇ ಕೋಣೇಲಿ ಕೂತಿದ್ರು, ಟೀಚರ್ ಕಮ್ಮಿ ಇರ್ಬೇಕು ಅಂದ್ಕೊಂಡೆ. ಮೇಡಂ ಕೂರ್ಸಿ ವಿವರವಾಗಿ ಹೇಳಿದ್ರು, ಇದು ನಲಿ-ಕಲಿ, ಬೇಕಂತಲೇ ಹಿಂಗೆ ಕೂರ್ಸೋದು, ಮಗು ತನ್ನ ವೇಗದಲ್ಲಿ ಕಾರ್ಡ್ ಹಿಡ್ಕೊಂಡು ಮೆಟ್ಟಿಲು ಮೆಟ್ಟಿಲಾಗಿ ಹತ್ತತ್ತೆ, ದೊಡ್ಡ ಮಕ್ಕಳು ಚಿಕ್ಕವ್ರಿಗೆ ಹೇಳಿಕೊಡ್ತಾರೆ. ಇದು ಶುರುವಾಗಿದ್ದೇ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಲ್ಲಿ 1995ರಲ್ಲಿ ಅಂತೆ, ಆಮೇಲೆ ರಾಜ್ಯಕ್ಕೆಲ್ಲ ಹರಡಿದ್ದು. ಮೈಸೂರಿನ ಪಕ್ಕದಲ್ಲೇ ಹುಟ್ಟಿ ಬೆಳೆದ ನಂಗೆ ಇದು ಗೊತ್ತೇ ಇರ್ಲಿಲ್ಲ. ಅಲ್ಲೇ ಸೇರಿಸೋಣ ಅಂತ ನಂಗೆ ತುಂಬಾ ಇತ್ತು, ಹೆಂಡ್ತಿಗೆ ಮುಂದೆ ಮತ್ತೆ ಟ್ರಾನ್ಸ್‌ಫರ್ ಆದ್ರೆ ಮೀಡಿಯಂ ಕಷ್ಟ ಆಗತ್ತೆ ಅನ್ನೋ ಭಯ, ಎರಡು ರಾತ್ರಿ ಮಾತಾಡಿದ್ವಿ, ಅವಳು ಹೇಳಿದ್ರಲ್ಲೂ ನ್ಯಾಯ ಇತ್ತು.

ಮೂರನೇ ದಿನ ಸರಸ್ವತಿಪುರಂ ಆಸುಪಾಸಿನ ಒಂದು ಅನುದಾನಿತ ಶಾಲೆ. ಗೇಟಿಂದ ಆಚೆ ಬಂದ ಮಕ್ಕಳನ್ನ ನೋಡ್ತಾ ನಿಂತೆ. ಆಟೋ ಡ್ರೈವರ್ ಒಬ್ರು ಮಗನ ಬ್ಯಾಗು ತಗಲಾಕೊಂಡು ನಿಂತಿದ್ರು, ಬುರ್ಖಾ ಹಾಕಿದ್ದ ತಾಯಿ ಮತ್ತೆ ಒಬ್ರು ಕೊಡಗಿನ ಅಜ್ಜಿ ಪಿಟಿ ಟೀಚರ್ ಬಗ್ಗೆ ಮಾತಾಡ್ತಿದ್ರು, ನರ್ಸ್ ಯೂನಿಫಾರಂನಲ್ಲಿ ಒಬ್ರು ಮಗಳ ಜೊತೆ ಮಲಯಾಳಂ ಮಾತಾಡ್ಕೊಂಡು ಹೋದ್ರು, ಯೂನಿವರ್ಸಿಟಿ ಕ್ಯಾಂಪಸ್ ಮಾನಸಗಂಗೋತ್ರೀಲಿ ಕೆಲಸ ಮಾಡೋರ ಮಕ್ಕಳೂ ಅಲ್ಲಿಗೇ ಬರ್ತಾರಂತೆ. ಆ ಕಡೆ ಹಿಂಗಿರೋಕೆ ಕಾರಣ ಇದೆ. ಆಹಾರ ಸಂಶೋಧನೆ ಮಾಡೋ ಸಿಎಫ್‌ಟಿಆರ್‌ಐ 1950ರಿಂದ, ಟೀಚರ್ ಟ್ರೈನಿಂಗ್ ಕೊಡೋ ಆರ್‌ಐಇ 1963ರಿಂದ, ಕೇಂದ್ರದ ಭಾರತೀಯ ಭಾಷಾ ಸಂಸ್ಥೆ 1969ರಿಂದ ಮೈಸೂರಲ್ಲಿವೆ, ದೇಶದ ಮೂಲೆ ಮೂಲೆಯಿಂದ ಜನ ಬಂದು ಸೇರ್ಕೊಂಡಿರೋ ಊರು ಇದು. ಕೊನೆಯ ಎರಡು ಸಂಸ್ಥೆ ಯೂನಿವರ್ಸಿಟಿ ಪಕ್ಕದಲ್ಲೇ ಇರೋದು.

ಒಳಗೆ ಹೋಗಿ ಕೇಳ್ದೆ, ಒಂದನೇ ಕ್ಲಾಸಿಗೆ 34 ಮಕ್ಕಳು. ಮಗಳಿಗೆ ಕನ್ನಡ ಅಕ್ಷರ ಬರಲ್ಲ ಅಂತ ಹೆದರಿದ್ದೆ, ಕ್ಲಾಸಲ್ಲಿ ಅರ್ಧ ಮಕ್ಕಳ ಮನೇಲಿ ಕನ್ನಡ ಮಾತಾಡಲ್ಲ, ಎಲ್ರೂ ಒಟ್ಟಿಗೇ ಅ ಆ ಇ ಈ ಇಂದ ಶುರು ಮಾಡ್ತಾರೆ ಅಂದ್ರು. ಹೊರಗಿಂದ ಬರೋವ್ರು ತಿಳ್ಕೊಳ್ಳಿ, 2015ರ ಕನ್ನಡ ಕಲಿಕಾ ಕಾಯ್ದೆ ಪ್ರಕಾರ ಸಿಬಿಎಸ್‌ಇ, ಐಸಿಎಸ್‌ಇ ಶಾಲೇಲೂ ಕನ್ನಡ ಕಲಿಸ್ಬೇಕು, ಹಂಗಾಗಿ ಯಾವ ಬೋರ್ಡ್ ಆದ್ರೂ ಚಿಕ್ಕ ಕ್ಲಾಸಲ್ಲೇ ಸೇರಿಸಿದ್ರೆ ಮಗೂಗೆ ಸುಲಭ.

ಇನ್ನೂ ಒಂದೆರಡು ಕಡೆ ವಿಚಾರಿಸಿದ್ವಿ. ಆರ್‌ಐಇ ಕ್ಯಾಂಪಸ್ಸಿನ ಡೆಮಾನ್‌ಸ್ಟ್ರೇಷನ್ ಸ್ಕೂಲ್ ಬಗ್ಗೆ ಎಲ್ರೂ ಒಳ್ಳೇದೇ ಹೇಳಿದ್ರು, ಸೀಟು ಸಿಗೋದು ಕಷ್ಟ. ಕೇಂದ್ರೀಯ ವಿದ್ಯಾಲಯದಲ್ಲಿ ನಾನಾ ರಾಜ್ಯದ ಮಕ್ಕಳಿರ್ತಾರೆ, ಆದ್ರೆ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಮೊದಲ ಆದ್ಯತೆ, ನಮ್ಮಂಥ ಪ್ರೈವೇಟ್ ಕೆಲಸದೋರು ಅದನ್ನೇ ನಂಬ್ಕೊಂಡು ಮನೆ ಮಾಡ್ಬೇಡಿ. ಯಾವ ಶಾಲೆ ಆದ್ರೂ ಅದ್ರ 11 ಅಂಕಿಯ ಯುಡೈಸ್ ಕೋಡ್ (ಸರ್ಕಾರ ಪ್ರತಿ ಶಾಲೆಗೂ ಕೊಟ್ಟಿರೋ ನಂಬರ್) ಕೇಳಿ ತಗೊಂಡು ನೆಟ್ಟಲ್ಲಿ ನೋಡಿ, ಮಕ್ಕಳೆಷ್ಟು ಟೀಚರ್ ಎಷ್ಟು ಅಂತ ಸಿಗತ್ತೆ.

ಕೊನೆಗೆ ಮೂರನೇ ದಿನ ನೋಡಿದ ಆ ಅನುದಾನಿತ ಶಾಲೆಗೇ ಸೇರಿಸಿದ್ವಿ. ಮನೆ ಶಾಲೆಯಿಂದ ನಡೆದು ಹತ್ತು ನಿಮಿಷದ ದೂರದಲ್ಲಿ ಸಿಕ್ತು, ಹಳೇ ಮನೆ, ಮೊದಲ್ನೇ ಮಹಡಿ, ಬಾಡಿಗೆ ನಾವಂದುಕೊಂಡಿದ್ದಕ್ಕಿಂತ ಎರಡು ಸಾವಿರ ಜಾಸ್ತಿ. ನಾನು ಹೆಬ್ಬಾಳಿಗೆ ದಿನಾ ರಿಂಗ್ ರೋಡಲ್ಲಿ ಹೋಗ್ಬೇಕು. ಪರ್ವಾಗಿಲ್ಲ. ಹೋದ ಶನಿವಾರ ಮಗಳು ಕ್ಲಾಸ್ಮೇಟ್ ಮನೆಗೆ ಹೋಗಿ ಕೊಡಗಿನ ಕಡಂಬುಟ್ಟು, ಪಂದಿಕರಿ ಹೆಸರು ಕಲ್ತ್ಕೊಂಡು ಬಂದ್ಲು, ಈ ವಾರ ಆ ಹುಡುಗಿ ನಮ್ಮನೇಲಿ ರಾಗಿಮುದ್ದೆ ಉಣ್ಣೋಕೆ ಬರ್ತಾಳಂತೆ.

ಸರ್ವಿಸಿನವ್ರಿಗೆ ಆ ನಾಲ್ಕನೇ ಪ್ರಶ್ನೆ ತೆಗೀರಿ, ಆರ್‌ಟಿಇ ಸಾಲು ಅಳಿಸಿ ಅಂತ ಮೇಲ್ ಮಾಡಿದೀನಿ, ಇನ್ನೂ ಉತ್ತರ ಬಂದಿಲ್ಲ. ನೀವು ಇಂಥವ್ರ ಹತ್ರ ಹೋದ್ರೆ ಆ ಪ್ರಶ್ನೆ ಖಾಲಿ ಬಿಡಿ, ಯಾಕೆ ಖಾಲಿ ಅಂದ್ರೆ ಬೇಡ ಅನ್ನಿ, ಮಧ್ಯಾಹ್ನ ಮೂರೂವರೆಗೆ ಗೇಟ್ ಹತ್ರ ಕರ್ಕೊಂಡು ಹೋಗೋಕೆ ಯಾರಾದ್ರೂ ಬೇಕು ಅಂತ ಫೀಸ್ ಕಟ್ಟೋ ಮೊದ್ಲೇ ಕೇಳಿ.